ಬೇಲಿಯ ಮೇಲೊಂದು ಬೆಳ್ಳಿ ರೂಪಾಯಿ

ಬೆಳ್ಳಿಯ ದರ ಏರಿತೆಂದರೆ ಸಾಕು, ಊರಿನ ಅಟ್ಟಗಳಿಂದ ಹಳೆಯ ಡಬ್ಬಿಗಳು ಕೆಳಗಿಳಿಯುತ್ತವೆ. ನಮ್ಮ ಪಕ್ಕದ ಮನೆಯದೂ ಇಳಿದಿದೆ. ಅಂದಿನಿಂದ ಎರಡು ಮನೆಗಳ ನಡುವಿನ ಬೇಲಿಯ ಬಳಿ ಬೇರೆ ಮಾತೇ ಇಲ್ಲ. ಮೊದಲೆಲ್ಲ ಮಳೆ, ಮಾವಿನ ಫಸಲು, ನಲ್ಲಿ ನೀರು ಬರುವ ಹೊತ್ತು ಎಂದು ಸುತ್ತಾಡುತ್ತಿದ್ದ ಹರಟೆ ಈಗ ನೇರವಾಗಿ ವಿಕ್ಟೋರಿಯಾ ರಾಣಿಯ ಹತ್ತಿರ ಹೋಗಿ ನಿಲ್ಲುತ್ತದೆ.

ಆ ಮನೆಯಲ್ಲಿ ಒಂದು ಡಬ್ಬಿಗೆ ಮೂರು ಅಭಿಪ್ರಾಯ. ಯಜಮಾನರಿಗೆ ಅಂಗಡಿಗೆ ಒಯ್ದು ತೂಕಕ್ಕೆ ಹಾಕಿಬಿಡುವ ಆತುರ. ಇಂಜಿನಿಯರಿಂಗ್ ಓದುವ ಮಗನಿಗೆ ಅದರಿಂದಲೇ ಒಂದು ಸಂಗ್ರಹ ಶುರುಮಾಡುವ ಆಸೆ. ಅಜ್ಜಿಗೆ ವರಮಹಾಲಕ್ಷ್ಮಿ ಹಬ್ಬದೊಳಗೆ ಅವನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯಿಸಿ, ಕಲಶದ ಮುಂದೆ ಇಡಬೇಕು. ಮೂವರಿಗೂ ನಾನು ಹೇಳುತ್ತಿರುವುದು ಒಂದೇ ಮಾತು. ಹಳೆಯ ಬೆಳ್ಳಿ ನಾಣ್ಯವನ್ನು ಕೈಗೆತ್ತಿಕೊಂಡರೆ ಎರಡು ಪ್ರಶ್ನೆ ಕೇಳಬೇಕು, ಮತ್ತು ಅವನ್ನು ಬೇರೆ ಬೇರೆಯಾಗಿಯೇ ಕೇಳಬೇಕು. ಇದರಲ್ಲಿ ಬೆಳ್ಳಿಯ ಪಾಲು ಎಷ್ಟು? ಅಚ್ಚಾದಾಗ ಇದ್ದದ್ದರಲ್ಲಿ ಈಗ ಉಳಿದಿರುವುದು ಎಷ್ಟು? ಮೊದಲನೆಯದು ಟಂಕಸಾಲೆಯಲ್ಲಿ ಅಂದೇ ತೀರ್ಮಾನವಾಗಿ ಹೋಗಿದೆ. ಎರಡನೆಯದನ್ನು ಅದು ಹಾದುಬಂದ ಕೈಗಳು ತೀರ್ಮಾನಿಸಿವೆ. ಎರಡನ್ನೂ ಕಲಸಿಕೊಂಡರೆ ಮಾರುವವರಿಗೂ ನಷ್ಟ, ಕೊಳ್ಳುವವರಿಗೂ ನಷ್ಟ.

"ಅಂಕಲ್, ಇದು ನೋಡಿ, ರಾಣಿ ಮುಖಾನೇ ಕಾಣಲ್ಲ. ಇಷ್ಟು ಸವೆದಿದ್ರೆ ಬೆಳ್ಳಿ ಪ್ಯೂರ್ ಇರತ್ತಾ?" ಹುಡುಗ ಬೇಲಿಯ ಮೇಲಿಂದ ಒಂದು ರೂಪಾಯಿ ಚಾಚಿದ.

"ತೂಕ ಕಮ್ಮಿ ಆಗಿರತ್ತಪ್ಪ, ಶುದ್ಧತೆ ಕಮ್ಮಿ ಆಗಲ್ಲ. ಸವೆಯೋವಾಗ ಬೆಳ್ಳಿ ಒಂದೇ ಹೋಗಿ ತಾಮ್ರ ಉಳ್ಕೊಳಲ್ಲ. ಎರಡೂ ಸೇರಿದ ಲೋಹಾನೇ ಸವೆಯೋದು."

ಹೊಸಬರಿಗೆ ಮೊದಲು ಮನದಟ್ಟಾಗಬೇಕಾದದ್ದು ಇದೇ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ಎಂದು ಕಾಯಿದೆ ಮಾಡಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೇರೆ ಲೋಹ. ಬರಿಯ ಬೆಳ್ಳಿ ನಾಣ್ಯಕ್ಕೆ ಬಹಳ ಮೆತುವಾಗುತ್ತದೆ, ಗಟ್ಟಿಯಾಗಲೆಂದು ತಾಮ್ರ ಬೆರೆಸುತ್ತಾರೆ. ಹನ್ನೆರಡರಲ್ಲಿ ಹನ್ನೊಂದು ಎಂದರೆ ಸಾವಿರಕ್ಕೆ ಸುಮಾರು 917. ಚಿನ್ನದಂಗಡಿಯಲ್ಲಿ ಎಲ್ಲರೂ ಕೇಳುವ 916 ಚಿನ್ನ ಇದೆಯಲ್ಲ, 22 ಕ್ಯಾರೆಟ್ಟಿನದು, ಅದೂ ಇದೇ ಲೆಕ್ಕ. ವಿಲಿಯಂ, ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರೆಲ್ಲರ ರೂಪಾಯಿಯೂ ಈ ಪ್ರಮಾಣದ್ದೇ. ಸವೆಯದ ಒಂದು ರೂಪಾಯಿಯಲ್ಲಿ 10.69 ಗ್ರಾಂ ಬೆಳ್ಳಿ ಇರುತ್ತದೆ. ಹುಡುಗ ಚಾಚಿದ ಸವೆದ ರೂಪಾಯಿ 11.2 ಗ್ರಾಂ ತೂಗಿತೆನ್ನಿ. ಅದನ್ನು 0.917ರಿಂದ ಗುಣಿಸಿದರೆ 10.27 ಗ್ರಾಂ ಬೆಳ್ಳಿ. ರಾಣಿಯ ಮುಖವೆಲ್ಲ ಅಳಿಸಿಹೋದರೂ ಕಳೆದುಹೋದ ಬೆಳ್ಳಿ ಅರ್ಧ ಗ್ರಾಮಿಗಿಂತ ಕಡಿಮೆ.

ಈ 11.66 ಗ್ರಾಂ ಎನ್ನುವುದು ಒಂದು ತೊಲ. ರೂಪಾಯಿಯೇ ತೊಲ, ತೊಲವೇ ರೂಪಾಯಿ. ಅದಕ್ಕೇ ಹಿಂದೆ ಅಂಗಡಿಯಲ್ಲಿ ರೂಪಾಯಿಯನ್ನೇ ತೂಕದ ಬಟ್ಟಾಗಿ ಬಳಸುತ್ತಿದ್ದರು. ಹಳೇ ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕದ್ದು. ತೂಗುವುದಕ್ಕೂ ಅದೇ, ಕೊಳ್ಳುವುದಕ್ಕೂ ಅದೇ ಆದಾಗ ಸವೆದ ರೂಪಾಯಿಯ ಮೇಲೆ ಎಲ್ಲರಿಗೂ ಕಣ್ಣಿರುತ್ತಿತ್ತು. ಸರ್ಕಾರವೂ ಒಂದು ಗೆರೆ ಎಳೆದಿತ್ತು. 1906ರ ನಾಣ್ಯ ಕಾಯಿದೆಯಂತೆ ಶೇಕಡ 2ಕ್ಕಿಂತ ಹೆಚ್ಚು ತೂಕ ಕಳೆದುಕೊಂಡ ರೂಪಾಯಿ ಶಾಸನಬದ್ಧ ಚಲಾವಣೆಗೆ ನಿಲ್ಲುತ್ತಿರಲಿಲ್ಲ. ಅಂದರೆ 11.43 ಗ್ರಾಮಿಗಿಂತ ಇಳಿದರೆ ಅದರ ಕೆಲಸ ಮುಗಿಯಿತು. ಇವತ್ತು ಡಿಜಿಟಲ್ ತಕ್ಕಡಿಯ ಮೇಲೆ ನಾವು ನೋಡುವ ಅಂಕಿಯನ್ನೇ ಅಂದಿನ ಖಜಾನೆಯ ಗುಮಾಸ್ತರೂ ನೋಡುತ್ತಿದ್ದರು.

"ಹಾಗಾದ್ರೆ ಎಲ್ಲ ರೂಪಾಯೀನೂ ಒಂದೇ ಅನ್ನಿ. ತೂಗಿ, ಗುಣಿಸಿ, ಮುಗೀತು" ಎಂದರು ಯಜಮಾನರು.

ಅಲ್ಲೇ ಜನ ಎಡವುವುದು. ಆರನೆಯ ಜಾರ್ಜ್ ಬಂದ ಮೇಲೆ ಲೆಕ್ಕ ಬದಲಾಯಿತು. 1938 ಮತ್ತು 1939 ಎಂದು ಇಸವಿಯಿರುವ ರೂಪಾಯಿಗಳು ಹಳೆಯ ಪ್ರಮಾಣದವೇ. 1940ರಿಂದ 1945ರವರೆಗಿನವು ಅರ್ಧಕ್ಕರ್ಧ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು, ಜನ ಬೆಳ್ಳಿ ರೂಪಾಯಿಗಳನ್ನು ಬಚ್ಚಿಡತೊಡಗಿದರು, ಸರ್ಕಾರದ ಬಳಿ ಬೆಳ್ಳಿ ಸಾಲದಾಯಿತು. ಆಗ ಬಂದದ್ದು ನಾಲ್ಕು ಲೋಹದ ಮಿಶ್ರಣ: ನೂರಕ್ಕೆ 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ತೂಕ ಅದೇ 11.66 ಗ್ರಾಂ, ಗಾತ್ರವೂ ಹೆಚ್ಚುಕಡಿಮೆ ಅದೇ. ಒಳಗಿನ ಬೆಳ್ಳಿ ಮಾತ್ರ 5.83 ಗ್ರಾಂ. ಖೋಟಾ ತಡೆಯಲೆಂದು ಅಂಚಿನ ಗೆರೆಗಳ ನಡುವೆ ಒಂದು ವಿಶೇಷ ಪಟ್ಟಿಯನ್ನು ಕೊರೆದರು. ನಾಣ್ಯವನ್ನು ಮಲಗಿಸದೆ ನಿಲ್ಲಿಸಿ ಅಂಚು ನೋಡಿದರೆ ಅದು ತಿಳಿಯುತ್ತದೆ. 1939ರದನ್ನೂ 1940ರದನ್ನೂ ಪಕ್ಕಪಕ್ಕ ಇಟ್ಟು ಒಂದೇ ಬೆಲೆ ಕಟ್ಟುವವರನ್ನು ನಾನು ಸಂತೆಗಳಲ್ಲಿ ನೋಡಿದ್ದೇನೆ. ಬೆಳ್ಳಿಯ ಲೆಕ್ಕದಲ್ಲೇ ಒಂದು ಇನ್ನೊಂದರ ಹೆಚ್ಚುಕಡಿಮೆ ಅರ್ಧ.

1947ರ ರೂಪಾಯಿಯಂತೂ ಬೆಳ್ಳಿಯೇ ಅಲ್ಲ. ಒಂದು ಕಡೆ ಆರನೆಯ ಜಾರ್ಜ್, ಇನ್ನೊಂದು ಕಡೆ ಹುಲಿ. ನೋಡಲು ಬೆಳ್ಳಗೆ, ಗಟ್ಟಿಮುಟ್ಟಾಗಿ, ಅಂದವಾಗಿದೆ. ಆದರೆ ಅದು ಶುದ್ಧ ನಿಕ್ಕಲ್. ಅಯಸ್ಕಾಂತ ಹಿಡಿದರೆ ಪಟ್ಟನೆ ಅಂಟಿಕೊಳ್ಳುತ್ತದೆ. 1950ರ ಅಶೋಕ ಸ್ತಂಭದ ರೂಪಾಯಿಯೂ ಹಾಗೆಯೇ. ಹುಡುಗ ಒಳಗೆ ಓಡಿ ಫ್ರಿಜ್ಜಿನ ಬಾಗಿಲಿಗಂಟಿಸಿದ್ದ ಅಯಸ್ಕಾಂತ ತಂದ. ಡಬ್ಬಿಯಲ್ಲಿದ್ದ ಹುಲಿ ರೂಪಾಯಿಗಳೆಲ್ಲ ಅದಕ್ಕೆ ಜೋತುಬಿದ್ದವು. ಅವುಗಳನ್ನು ಬೆಳ್ಳಿಯೊಂದಿಗೆ ಸೇರಿಸಿ ತೂಗಲು ಹೊರಟಿದ್ದ ಯಜಮಾನರು ಸುಮ್ಮನೆ ಅವನ್ನು ಬೇರೆ ಮಾಡಿ ಇಟ್ಟರು.

ಸ್ವತಂತ್ರ ಭಾರತದ ಬೆಳ್ಳಿ ನಾಣ್ಯಗಳಲ್ಲೂ ಇಂಥದೇ ಪಾಠವಿದೆ. ಗಾಂಧೀಜಿಯ ಜನ್ಮಶತಮಾನೋತ್ಸವಕ್ಕೆ, 1969ರಲ್ಲಿ, ಹತ್ತು ರೂಪಾಯಿಯ ನಾಣ್ಯ ಬಂತು. ತೂಕ 15 ಗ್ರಾಂ, ಬೆಳ್ಳಿ ಶೇಕಡ 80. ಅಂದರೆ 12 ಗ್ರಾಂ ಬೆಳ್ಳಿ. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, 1972ರಲ್ಲಿ, ಮತ್ತೊಂದು ಹತ್ತು ರೂಪಾಯಿ ಬಂತು. ತೂಕ ಇಪ್ಪತ್ತೆರಡೂವರೆ ಗ್ರಾಂ, ಬೆಳ್ಳಿ ಶೇಕಡ 50. ಲೆಕ್ಕ ಹಾಕಿದರೆ 11.25 ಗ್ರಾಂ. ಕೈಯಲ್ಲಿ ದಪ್ಪಗೆ ಭಾರವಾಗಿ ಕೂರುವ ನಾಣ್ಯದಲ್ಲಿ ಬೆಳ್ಳಿ ಕಡಿಮೆ, ತೆಳುವಾಗಿ ಕಾಣುವುದರಲ್ಲಿ ಹೆಚ್ಚು. ತೂಕವೊಂದನ್ನೇ ನಂಬಬಾರದು, ಇಸವಿಯನ್ನು ಓದಬೇಕು.

ಹೈದರಾಬಾದ್ ಸೀಮೆಯ ರೂಪಾಯಿ ಸಿಕ್ಕರಂತೂ ಇದು ಇನ್ನೂ ಮುಖ್ಯ. ಬೀದರ, ಕಲಬುರಗಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಈಗಲೂ ಚಾರ್‌ಮಿನಾರ್ ಚಿತ್ರದ ರೂಪಾಯಿಗಳು ಇವೆ. ಅದು ನಿಜಾಮರ ಹಾಲಿ ಸಿಕ್ಕಾ. ತೂಕ 11.18 ಗ್ರಾಂ, ಬೆಳ್ಳಿ ಸಾವಿರಕ್ಕೆ 818. ಬ್ರಿಟಿಷರ ರೂಪಾಯಿಗೆ ಅಲ್ಲಿ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಈ ವಿನಿಮಯದ ದರ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಏಳು ಹಾಲಿಯಲ್ಲಿರುವ ಬೆಳ್ಳಿ ಸುಮಾರು 64 ಗ್ರಾಂ, ಆರು ಕಲ್ದಾರಿನಲ್ಲಿರುವ ಬೆಳ್ಳಿಯೂ ಸುಮಾರು 64 ಗ್ರಾಂ. ಸಂತೆಗೆ ಬಂದ ರೈತನೂ ಈ ಲೆಕ್ಕವನ್ನು ಬಾಯಲ್ಲೇ ಹಾಕುತ್ತಿದ್ದ. ಆಮೇಲೆ ಯುದ್ಧಕಾಲದಲ್ಲಿ ನಿಜಾಮರ ರೂಪಾಯಿಯ ಬೆಳ್ಳಿಯೂ ಅರ್ಧಕ್ಕೆ ಇಳಿಯಿತು.

ಇಷ್ಟು ಕೇಳಿದ ಮೇಲೆ ಹುಡುಗನ ಪ್ರಶ್ನೆ ಸಹಜವೇ. "ಇಸವಿ ಓದಿದ್ರೆ ಶುದ್ಧತೆ ಗೊತ್ತಾಗತ್ತೆ ಸರಿ. ಆದ್ರೆ ನಾಣ್ಯಾನೇ ಖೋಟಾ ಆಗಿದ್ರೆ?"

ಮನೆಯಲ್ಲೇ ಮಾಡುವ ಪರೀಕ್ಷೆಗಳಿವೆ, ಒಂದಾದ ಮೇಲೊಂದು ಮಾಡಬೇಕು. ಮೊದಲನೆಯದು ಅಯಸ್ಕಾಂತ. ಬೆಳ್ಳಿಗೆ ಅದು ಅಂಟುವುದಿಲ್ಲ. ಆದರೆ ಅಂಟಲಿಲ್ಲವೆಂದ ಮಾತ್ರಕ್ಕೆ ಬೆಳ್ಳಿಯೆಂದೂ ಅಲ್ಲ, ಹಿತ್ತಾಳೆಗೂ ಸೀಸಕ್ಕೂ ಅದು ಅಂಟುವುದಿಲ್ಲ. ಎರಡನೆಯದು ತೂಕ ಮತ್ತು ಅಗಲ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಈಗ ಕಡಿಮೆ ಬೆಲೆಗೇ ಸಿಗುತ್ತದೆ. ಸವೆದ ನಾಣ್ಯ 11.66ಕ್ಕಿಂತ ಸ್ವಲ್ಪ ಕಡಿಮೆ ತೂಗಬಹುದು, ಹೆಚ್ಚು ತೂಗಬಾರದು. ಮುಖ ಅಳಿಸುವಷ್ಟು ಸವೆದಿದ್ದೂ ಪೂರ್ತಿ ತೂಕ ತೋರಿಸಿದರೆ ಅನುಮಾನಿಸಿ. ಖೋಟಾದವರು ಸವೆದ ನಾಣ್ಯದ ಅಚ್ಚು ತೆಗೆದು ಎರಕ ಹೊಯ್ದಿರುತ್ತಾರೆ. ಅಂಥದರಲ್ಲಿ ಅಕ್ಷರಗಳ ಅಂಚು ಮೊಂಡಾಗಿ, ಮೈಮೇಲೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ.

ಮೂರನೆಯದು ನೀರಿನ ಪರೀಕ್ಷೆ, ನನಗೆ ಬಹಳ ಇಷ್ಟವಾದದ್ದು. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಸಣ್ಣ ನೂಲು ಕಟ್ಟಿ, ಕೈಯಲ್ಲಿ ಹಿಡಿದು, ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ಲೋಟದ ತಳಕ್ಕೋ ಪಕ್ಕಕ್ಕೋ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ. ಶುದ್ಧ ಬೆಳ್ಳಿಗೆ 10.49. ಹನ್ನೆರಡರಲ್ಲಿ ಹನ್ನೊಂದು ಪಾಲಿನ ರೂಪಾಯಿಗೆ ಸುಮಾರು 10.3. ಯುದ್ಧಕಾಲದ ಅರ್ಧ ಬೆಳ್ಳಿಗೆ ಸುಮಾರು 9.5. ಜರ್ಮನ್ ಸಿಲ್ವರ್ ಎಂದು ಕರೆಯುವ, ಬೆಳ್ಳಿಯೇ ಇಲ್ಲದ ಲೋಹಕ್ಕೆ ಒಂಬತ್ತಕ್ಕಿಂತಲೂ ಕಡಿಮೆ. ಈ ಪರೀಕ್ಷೆಯ ದೊಡ್ಡ ಗುಣವೆಂದರೆ ನಾಣ್ಯ ಎಷ್ಟೇ ಸವೆದಿರಲಿ ಉತ್ತರ ಬದಲಾಗುವುದಿಲ್ಲ, ಏಕೆಂದರೆ ತೂಕ ಕಳೆದಷ್ಟೇ ಗಾತ್ರವೂ ಕಳೆದಿರುತ್ತದೆ. ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ.

ಒರೆಗಲ್ಲಿಗೆ ಉಜ್ಜುವುದು, ಆಸಿಡ್ ಹನಿ ಹಾಕುವುದು ಅಕ್ಕಸಾಲಿಗರ ವಿಧಾನ. ಒಡವೆಗೆ ಅದು ಸರಿ, ನಾಣ್ಯಕ್ಕೆ ಬೇಡ. ಉಜ್ಜಿದ ಗೀರು ಶಾಶ್ವತವಾಗಿ ಉಳಿಯುತ್ತದೆ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಕ್ಷಕಿರಣದಿಂದ ಲೋಹ ಪರೀಕ್ಷಿಸುವ ಯಂತ್ರವಿದೆ, ನಾಣ್ಯಕ್ಕೆ ಅದರಿಂದ ಏನೂ ಆಗುವುದಿಲ್ಲ. ಆದರೆ ಅದು ಓದುವುದು ಮೇಲ್ಮೈಯನ್ನು ಮಾತ್ರ. ಬೆಳ್ಳಿಯ ನೀರು ಕುಡಿಸಿದ ಖೋಟಾ ನಾಣ್ಯ ಆ ಯಂತ್ರದ ಮುಂದೆ ಪಾಸಾಗಿ ನೀರಿನ ಲೋಟದಲ್ಲಿ ಸಿಕ್ಕಿಬೀಳಬಹುದು.

ಬೆಳ್ಳಿಯ ಮಾತು ಮುಗಿಯಿತು. ಇನ್ನು ಸವೆತದ ಮಾತು. ನಾಣ್ಯದ ದರ್ಜೆ ಎನ್ನುವುದು ಇಲ್ಲಿಂದ ಶುರುವಾಗುತ್ತದೆ.

ನಾಣ್ಯದ ಮೇಲೆ ಎಲ್ಲ ಜಾಗವೂ ಒಂದೇ ಎತ್ತರದಲ್ಲಿಲ್ಲ. ಬಯಲಿನಲ್ಲಿ ದಿಣ್ಣೆಯ ಮೇಲಿನ ಮಣ್ಣೇ ಮಳೆಗೆ ಮೊದಲು ಕೊಚ್ಚಿಹೋಗುವ ಹಾಗೆ ನಾಣ್ಯದಲ್ಲೂ ಉಬ್ಬಿದ ಜಾಗಗಳು ಮೊದಲು ಸವೆಯುತ್ತವೆ. ಆ ಜಾಗಗಳು ಯಾವುವು ಎಂದು ಗೊತ್ತಿದ್ದರೆ ದರ್ಜೆ ಹೇಳುವುದು ಅರ್ಧ ಬಂದಂತೆ. ಭೂತಗನ್ನಡಿ ಹಿಡಿದು, ದೀಪ ಒಂದು ಪಕ್ಕದಿಂದ ಬೀಳುವಂತೆ ಕೂತು ನೋಡಬೇಕು. ವಿಕ್ಟೋರಿಯಾ ರೂಪಾಯಿಯಲ್ಲಿ ಕಿವಿಯ ಮೇಲಿನ ಕೂದಲಿನ ಎಳೆಗಳು, ಕಿರೀಟದ ಮಣಿಗಳು, ಉಡುಪಿನ ಎದೆಯ ಮೇಲಿನ ಕಸೂತಿ. ಎಡ್ವರ್ಡ್ ದೊರೆಗೆ ಈ ನಾಣ್ಯದಲ್ಲಿ ಕಿರೀಟವಿಲ್ಲ, ಬರಿದಲೆ. ಹಾಗಾಗಿ ಕಿವಿಯ ಬಳಿಯ ಕೂದಲು, ಗಡ್ಡ ಮೀಸೆ ನೋಡಬೇಕು. ಐದನೆಯ ಜಾರ್ಜ್ ಆದರೆ ಕಿರೀಟದ ರತ್ನಗಳು, ಹುಬ್ಬು, ಮೇಲುಡುಪಿನ ಮೇಲಿರುವ ಪುಟ್ಟ ಆನೆ.

ಆ ಆನೆಗೆ ಒಂದು ಕಥೆಯೇ ಇದೆ. 1911ರಲ್ಲಿ ಐದನೆಯ ಜಾರ್ಜರ ಮೊದಲ ರೂಪಾಯಿ ಬಂದಾಗ ಎದೆಯ ಮೇಲಿನ ಪದಕದ ಸರದಲ್ಲಿದ್ದ ಆನೆಯ ಸೊಂಡಿಲು ಬಹಳ ಮೊಟಕಾಗಿ, ಹಂದಿಯ ಹಾಗೆ ಕಾಣಿಸಿತು. ಜನ ಆಕ್ಷೇಪಿಸಿದರು. ಸರ್ಕಾರ ಹಂಚುವುದನ್ನು ನಿಲ್ಲಿಸಿ, ಉಳಿದವನ್ನು ಕರಗಿಸಿ, 1912ರಿಂದ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ತಿದ್ದಿತು. ಸಂಗ್ರಹಕಾರರು ಅದಕ್ಕೆ ಹಂದಿ ರೂಪಾಯಿ ಎನ್ನುತ್ತಾರೆ. ಇಂಥ ನಾಣ್ಯದಲ್ಲಿ ಆ ಪ್ರಾಣಿ ಸವೆದುಹೋಗದೆ ನಿಚ್ಚಳವಾಗಿದ್ದರೆ ಬೆಲೆಯೂ ಹಾಗೆಯೇ ಏರುತ್ತದೆ.

ದರ್ಜೆಯ ಹೆಸರುಗಳೆಲ್ಲ ಇಂಗ್ಲಿಷಿನವೇ, ನಮ್ಮ ಹರಾಜುಗಳಲ್ಲೂ ಅವೇ ಬಳಕೆಯಲ್ಲಿವೆ. ಇಸವಿ ಓದಬಹುದು, ಮುಖದ ಹೊರಗೆರೆ ಮಾತ್ರ ಇದೆ, ಒಳಗಿನ ವಿವರ ಮಾಯವಾಗಿದೆ ಎಂದರೆ ಅದು ಗುಡ್. ಆ ಮಾತು ಕೇಳಿ ನಾಣ್ಯ ಚೆನ್ನಾಗಿದೆ ಎಂದು ಹಣ ಕೊಡಬೇಡಿ, ಅದು ಕೆಳಗಿನ ಮೆಟ್ಟಿಲು. ಕಿವಿ, ಕಣ್ಣು, ಕೂದಲಿನ ದೊಡ್ಡ ಗುಂಪುಗಳು ಕಾಣುತ್ತಿದ್ದು ಎಳೆಗಳು ಕಾಣದಿದ್ದರೆ ಫೈನ್. ಎಳೆಗಳೂ ಬಹುಪಾಲು ಕಾಣುತ್ತಿದ್ದು ಉಬ್ಬಿದ ತುದಿಗಳಷ್ಟೇ ಚಪ್ಪಟೆಯಾಗಿದ್ದರೆ ವೆರಿ ಫೈನ್. ತುದಿಗಳಲ್ಲಿ ಮಾತ್ರ ಚೂರು ಉಜ್ಜಿದ ಗುರುತಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್. ಸವೆತವೇ ಇಲ್ಲದಿದ್ದರೆ ಅನ್‌ಸರ್ಕ್ಯುಲೇಟೆಡ್, ಅಂದರೆ ಚಲಾವಣೆಗೇ ಇಳಿಯದ್ದು. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ 1ರಿಂದ 70ರವರೆಗಿನ ಅಂಕಪಟ್ಟಿಯೊಂದನ್ನು ಮಾಡಿದ. ಈಗ ಜಗತ್ತಿನಾದ್ಯಂತ ನಾಣ್ಯಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಹಾಕಿ ಕೊಡುವ ಸಂಸ್ಥೆಗಳು ಬಳಸುವುದು ಅದನ್ನೇ. 60ರಿಂದ ಮೇಲಕ್ಕೆ ಸವೆಯದ ನಾಣ್ಯಗಳ ಜಾಗ.

ಹೊಸಬರು ಇಲ್ಲಿ ಒಂದು ವ್ಯತ್ಯಾಸ ಕಲಿಯಬೇಕು. ಕೆಲವು ನಾಣ್ಯಗಳಲ್ಲಿ ಅಚ್ಚೇ ಸರಿಯಾಗಿ ಒತ್ತಿರುವುದಿಲ್ಲ. ಕೂದಲು ಮಸುಕಾಗಿ ಕಾಣುತ್ತದೆ, ಆದರೆ ಅದು ಸವೆತವಲ್ಲ. ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ತಿರುಗಿಸಿ. ಟಂಕಸಾಲೆಯ ಮೂಲ ಹೊಳಪು ಬೆಳಕಿನ ಪಟ್ಟಿಯಾಗಿ ಮೈಮೇಲೆ ಸುತ್ತುತ್ತದೆ. ಮಸುಕಾದ ಜಾಗದಲ್ಲೂ ಆ ಪಟ್ಟಿ ಹಾಯುತ್ತಿದ್ದರೆ ಅಚ್ಚಿನ ದೋಷ. ಅಲ್ಲಿಗೆ ಬಂದಾಗ ಅದು ಸತ್ತುಹೋದರೆ ಸವೆತ.

ದರ್ಜೆಯನ್ನು ಕೆಡಿಸುವ ಇತರ ಸಂಗತಿಗಳೂ ಇವೆ. ನಮ್ಮಲ್ಲಿ ರೂಪಾಯಿಗಳನ್ನು ಸರ ಮಾಡಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಲಂಬಾಣಿ ಹೆಣ್ಣುಮಕ್ಕಳ ಒಡವೆಗಳಲ್ಲಿ ಈಗಲೂ ನಾಣ್ಯಗಳಿವೆ. ಸರಕ್ಕೆಂದು ಕೊಂಡಿ ಬೆಸೆದು ಆಮೇಲೆ ಕಿತ್ತರೆ ಅಂಚಿನಲ್ಲಿ ಬೆಸುಗೆಯ ಗುರುತು ಉಳಿಯುತ್ತದೆ. ತೂತು ಮುಚ್ಚಿದರೂ ಆ ಜಾಗದ ಬಣ್ಣ ಹೇಳಿಬಿಡುತ್ತದೆ. ಅಂಥ ನಾಣ್ಯಕ್ಕೆ ಸಂಗ್ರಹಕಾರರ ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ಆದರೆ ಸರ ಸರವಾಗಿಯೇ ಉಳಿದಿದ್ದರೆ ಅದನ್ನು ಬಿಚ್ಚಬೇಡಿ. ಅದು ಒಂದು ಮನೆಯ ಒಡವೆ, ಅದಕ್ಕೆ ಅದರದೇ ಬೆಲೆಯಿದೆ.

ಇಷ್ಟೊತ್ತಿಗೆ ಅಜ್ಜಿ ಹುಣಸೆಹಣ್ಣಿನ ಬಟ್ಟಲು ಹಿಡಿದು ಬಂದಿದ್ದರು.

"ಏನಪ್ಪಾ, ಕಪ್ಪು ಹಿಡಿದಿರೋ ಬೆಳ್ಳೀನ ದೇವರ ಮುಂದೆ ಇಡೋಕಾಗತ್ತಾ?"

"ಅಮ್ಮಾ, ದೀಪ, ಬಟ್ಟಲು, ಆರತಿ ತಟ್ಟೆ ಎಷ್ಟು ಬೇಕಾದ್ರೂ ತಿಕ್ಕಿ. ಈ ರೂಪಾಯಿಗಳನ್ನ ಮಾತ್ರ ಬಿಟ್ಬಿಡಿ. ಮುತ್ತೈದೆಯರ ಕೈಯಿಂದ ಬಂದಿರೋ ಬೆಳ್ಳಿ ಅದು, ತಿಕ್ಕದೇ ಇದ್ರೂ ಲಕ್ಷ್ಮೀನೇ."

ಈ ಮಾತನ್ನು ನಾನು ಪೂರ್ಣ ಮನಸ್ಸಿನಿಂದ ಹೇಳಿದೆ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಕಟ್ಟುವ ತೆಳುವಾದ ಪದರ ಅದು. ಬೆಳ್ಳಿಯೇ ಅದರೊಳಗೆ ಸೇರಿಕೊಂಡಿದೆ. ವಿಭೂತಿ, ರಂಗೋಲಿ ಪುಡಿ, ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ, ಮೈತುಂಬ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಹುಣಸೆಯ ಹುಳಿ ಮೂಲ ಹೊಳಪನ್ನು ತಿಂದುಬಿಡುತ್ತದೆ. ನಾಲ್ಕು ತಲೆಮಾರಿನ ಕೈಗಳು ಮಾಡದ ಹಾನಿಯನ್ನು ಒಂದು ಬೆಳಗಿನ ತಿಕ್ಕಾಟ ಮಾಡುತ್ತದೆ. ನೂರು ವರ್ಷದಲ್ಲಿ ಸಮನಾಗಿ ಕೂತ ಬೂದು ಬಣ್ಣ ನಾಣ್ಯವನ್ನು ಕಾಯುವ ಹೊದಿಕೆ, ಬಲ್ಲವರು ಅದಕ್ಕೇ ಹೆಚ್ಚು ಹಣ ಕೊಡುತ್ತಾರೆ. ಮಣ್ಣು ಮೆತ್ತಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಟ್ಟು, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲೆ ಒತ್ತಿ ಆರಿಸಿದರೆ ಸಾಕು.

ಅಜ್ಜಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟರು. "ಕುಂಕುಮ ಆದ್ರೂ ಇಡಬಹುದೋ ಇಲ್ವೋ?" ಎಂದರು. ಕಲಶದ ಮುಂದೆ ಎಲೆಯ ಮೇಲೆ ನಾಣ್ಯವಿಟ್ಟು, ಕುಂಕುಮವನ್ನು ಎಲೆಗೆ ಹಾಕುವುದೆಂದು ಒಪ್ಪಂದವಾಯಿತು.

ಇಟ್ಟುಕೊಳ್ಳುವ ಕ್ರಮವೂ ಅಷ್ಟೇ ಮುಖ್ಯ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ಬೆರಳಿನ ಬೆವರು ಗುರುತು ಬಿಡುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬಾರದು, ಅದರಲ್ಲಿ ಗಂಧಕವಿದೆ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಚೀಲಗಳು ಕಾಲಕ್ರಮದಲ್ಲಿ ಹಸಿರು ಜಿಗುಟನ್ನು ಬಿಡುತ್ತವೆ. ಮೈಲಾರ್ ಹಾಳೆಯ ಕಾರ್ಡುಗಳು ಒಳ್ಳೆಯದು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣವನ್ನೂ ಜೊತೆಗಿಡಬೇಕು.

ಈಗ ಬೆಲೆಯ ಪ್ರಶ್ನೆ, ಯಜಮಾನರದು. ಪ್ರತಿಯೊಂದು ನಾಣ್ಯಕ್ಕೂ ಎರಡು ಬೆಲೆಯಿದೆ. ಒಂದು, ಕರಗಿಸಿದರೆ ಬರುವ ಬೆಳ್ಳಿಯ ಬೆಲೆ. ಇದು ತೂಕ, ಶುದ್ಧತೆ, ಆ ದಿನದ ದರದ ಗುಣಾಕಾರ, ಇದರಲ್ಲಿ ಗುಟ್ಟಿಲ್ಲ. ಇನ್ನೊಂದು, ಸಂಗ್ರಹಕಾರರು ಕೊಡುವ ಬೆಲೆ. ಅದು ಇಸವಿ, ಟಂಕಸಾಲೆ, ದರ್ಜೆ ಇವುಗಳ ಮೇಲೆ ನಿಂತಿದೆ. 1862, 1904, 1918 ಇಂಥ ಇಸವಿಯ ರೂಪಾಯಿಗಳು ಬೇಕಾದಷ್ಟಿವೆ. ಬಹಳ ಸವೆದಿದ್ದರೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಬಾರದು. ಅದೇ ಇಸವಿಯದು ಸವೆಯದೆ ಸಿಕ್ಕರೆ ಮಾತೇ ಬೇರೆ. 1918ರ ಸುತ್ತಮುತ್ತ ಎಷ್ಟು ರೂಪಾಯಿ ಅಚ್ಚಾಯಿತೆಂದರೆ, ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ ಅಮೆರಿಕ ಆ ವರ್ಷದ ಪಿಟ್‌ಮನ್ ಕಾಯಿದೆಯಡಿ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ, 25 ಕೋಟಿಗೂ ಹೆಚ್ಚು ಡಾಲರುಗಳ ಬೆಳ್ಳಿಯನ್ನು ಭಾರತಕ್ಕೆಂದು ಬ್ರಿಟನ್ನಿಗೆ ಮಾರಿತು. ನಮ್ಮೂರಿನ ಡಬ್ಬಿಯಲ್ಲಿರುವ ಐದನೆಯ ಜಾರ್ಜ್ ಒಂದು ಕಾಲದಲ್ಲಿ ಅಮೆರಿಕದ ಡಾಲರು ಆಗಿದ್ದಿರಬಹುದು.

ಟಂಕಸಾಲೆಯ ಗುರುತನ್ನೂ ಕಲಿಯಬೇಕು. ಐದನೆಯ ಜಾರ್ಜರ ರೂಪಾಯಿಯ ಹಿಂಬದಿಯಲ್ಲಿ, ಕೆಳಗಿನ ಕಮಲದ ಹೂವಿನಡಿ ಒಂದು ಚುಕ್ಕೆಯಿದ್ದರೆ ಮುಂಬಯಿಯದು, ಇಲ್ಲದಿದ್ದರೆ ಕಲ್ಕತ್ತೆಯದು. ಯುದ್ಧಕಾಲದ ಕೆಲವು ರೂಪಾಯಿಗಳಲ್ಲಿರುವ ಎಲ್ ಅಕ್ಷರ ಲಾಹೋರಿನದು. 1939ರ ರೂಪಾಯಿ ಬಹಳ ವಿರಳ. ಅದಕ್ಕೇ 1938ರ ಕೊನೆಯ ಅಂಕಿಯನ್ನು ಕೊರೆದು ತಿದ್ದಿದ ಖೋಟಾಗಳು ಓಡಾಡುತ್ತವೆ. ಅಂಥ ನಾಣ್ಯವನ್ನು ಬಲ್ಲವರಿಗೆ ತೋರಿಸದೆ ಕೊಳ್ಳಬಾರದು.

ಇನ್ನೊಂದು ಬಗೆಯ ಮೋಸಕ್ಕೆ ನಾಣ್ಯಶಾಸ್ತ್ರವೇ ಬೇಕಿಲ್ಲ, ಇತಿಹಾಸ ಸಾಕು. ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಇನ್ನೊಂದು ಕಡೆ ರಾಮ, ಸೀತೆ, ಹನುಮಂತನ ಚಿತ್ರವಿರುವ 1818ರ ನಾಣ್ಯ ಎಂದು ತೋರಿಸಿ ಲಕ್ಷಗಟ್ಟಲೆ ಕೇಳುತ್ತಾರೆ, ಅದು ಅಕ್ಕಿಕಾಳುಗಳನ್ನು ತನ್ನತ್ತ ಎಳೆಯುತ್ತದೆ ಎಂಬ ಕಥೆಯನ್ನೂ ಹೇಳುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಅಚ್ಚು ಹಾಕಿಲ್ಲ. ಹಳೆಯ ನಾಣ್ಯಕ್ಕೆ ಕೋಟಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಬರುವ ಕರೆಗಳೂ ಇವೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲವೆಂದು ರಿಸರ್ವ್ ಬ್ಯಾಂಕು 2021ರಲ್ಲೇ ಎಚ್ಚರಿಸಿದೆ.

ಕಾನೂನೂ ಒಂದಿಷ್ಟು ತಿಳಿದಿರಲಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾತನ ವಸ್ತು. ಅಮೆರಿಕದಲ್ಲಿರುವ ಮೊಮ್ಮಗಳಿಗೆ ನೆನಪಿಗಿರಲಿ ಎಂದು ವಿಕ್ಟೋರಿಯಾ ರೂಪಾಯಿಯನ್ನು ಅನುಮತಿಯಿಲ್ಲದೆ ಕಳಿಸುವಂತಿಲ್ಲ. ಪಾಯ ಅಗೆಯುವಾಗ ಮಡಕೆಯಲ್ಲಿ ನಾಣ್ಯ ಸಿಕ್ಕರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಹುಡುಗನಿಗೆ ನಾನು ಹೇಳಿದ್ದು, ಮೊದಲು ಕೊಳ್ಳುವುದಕ್ಕಿಂತ ನೋಡುವುದು ಹೆಚ್ಚು ಮಾಡು. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ ನಾಣ್ಯಗಳ ಸಂಗ್ರಹಾಲಯವಿದೆ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದಿದ್ದಾರೆ. ನಾಣ್ಯ ಪ್ರದರ್ಶನಗಳಿಗೆ ಹೋಗಿ ಒಂದೇ ಇಸವಿಯ ರೂಪಾಯಿಯನ್ನು ನಾಲ್ಕಾರು ದರ್ಜೆಗಳಲ್ಲಿ ನೋಡಿದರೆ ಯಾವ ಪುಸ್ತಕವೂ ಕಲಿಸದ್ದು ಕಣ್ಣಿಗೆ ಬರುತ್ತದೆ. ಸವೆದ ರೂಪಾಯಿಯಿಂದಲೇ ಆರಂಭಿಸಬೇಕು. ಬೆಲೆ ಕಡಿಮೆ, ಕಲಿಕೆ ಹೆಚ್ಚು, ಖೋಟಾ ಮಾಡುವವರಿಗೆ ಅದರಲ್ಲಿ ಲಾಭವಿಲ್ಲದ್ದರಿಂದ ಮೋಸವೂ ಕಡಿಮೆ.

ಮನೆಯಲ್ಲಿ ಬೆಳ್ಳಿ ರೂಪಾಯಿ ಇರುವ ಎಲ್ಲರಲ್ಲೂ ನನ್ನ ಬೇಡಿಕೆ ಇಷ್ಟೇ. ಮಾರುವ ಮೊದಲು ಒಂದು ಕಾಗದದಲ್ಲಿ ಬರೆದಿಡಿ: ಇಸವಿ, ದೊರೆಯ ಹೆಸರು, ಟಂಕಸಾಲೆಯ ಗುರುತು, ತೂಕ, ಮನೆಯಲ್ಲಿ ಯಾರಿಂದ ಬಂತು. ಆಮೇಲೆ ಮಾರುವುದೋ ಇಟ್ಟುಕೊಳ್ಳುವುದೋ ನಿಮ್ಮಿಷ್ಟ. ಬೆಳ್ಳಿ ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆ. ಕರಗಿಸಿದ ರೂಪಾಯಿ ಮತ್ತೆಂದೂ ಸಿಗುವುದಿಲ್ಲ.